ಗೋದಲಿಯ ಕೌದಿಯಲ್ಲಿ ರೀಟಾಳ ಅಂಗಿ ಇಲ್ಲ

ಪ್ರತಿ ಕ್ರಿಸ್ಮಸ್‌ಗೆ ನಮ್ಮ ಚರ್ಚಿನ ಗೋಡೆಗೆ ತೂಗುಹಾಕುವ ಕೌದಿಯಲ್ಲಿ ಬಾಲಯೇಸುವಿಗೆ ಸುತ್ತಿರುವ ಬಿಳಿ ಬಟ್ಟೆ ಲೂರ್ದಮ್ಮನ ಮಗಳ ಅಂಗಿಯದಲ್ಲ. ಅದು ನಾನು ಹೊಸಪೇಟೆಯ ಅಂಗಡಿಯಲ್ಲಿ ಕೊಂಡು ತಂದ ಹೊಸ ಪಾಪ್ಲಿನ್. ಲೂರ್ದಮ್ಮ ಕೊಟ್ಟ ಅಂಗಿಯನ್ನು ನಾನು ಹಾಳು ಮಾಡಿದೆ, ಚಿಂದಿಯ ಬುಟ್ಟಿಗೆ ಎಸೆದೆ, ಆಮೇಲೆ ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಅಂದಿನಿಂದ ಪ್ರತಿ ವರ್ಷ ಅವಳು ಆ ಪಾಪ್ಲಿನ್ನಿಗೆ ಮುತ್ತಿಟ್ಟಿದ್ದಾಳೆ — ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಹೇಳಿಬಿಟ್ಟೆ. ಇಷ್ಟೇ ಆಗಿದ್ದರೆ ಬಹುಶಃ ಹೇಳದೆಯೇ ಇರುತ್ತಿದ್ದೆ. ಒಂದು ತುಂಡು ಬಟ್ಟೆಯ ವಿಷಯ, ತಾಯಿಯೊಬ್ಬಳಿಗೆ ಸಮಾಧಾನ ಸಿಕ್ಕಿತಲ್ಲ, ಬಿಡು — ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಸುಳ್ಳು ಅವಳಿಗೆ ಸಮಾಧಾನ ಕೊಡಲಿಲ್ಲ. ಏನು ಕೊಟ್ಟಿತು ಎಂಬುದನ್ನು ಬರೆಯಲೆಂದೇ ಕುಳಿತಿದ್ದೇನೆ.

ನಾನು ಟೈಲರ್. ಹೆಸರು ಜೆಸಿಂತಾ. ಕುರೆಕುಪ್ಪದಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಕೋಣೆಯಲ್ಲಿ ಮಷೀನು ಹಾಕಿಕೊಂಡು ಮೂವತ್ತು ವರ್ಷ ರವಿಕೆ, ಲಂಗ, ಶಾಲೆಯ ಯೂನಿಫಾರ್ಮ್ ಹೊಲಿದವಳು. ಕೈ ಚೊಕ್ಕ, ನಾಲಿಗೆ ಚುರುಕು — ಎರಡೂ ವಿಷಯದಲ್ಲಿ ನನಗೆ ಜಂಬ ಇತ್ತು. ಈ ಕೌದಿ ಹೊಲಿದದ್ದು ಮೈನ್ಸ್ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲೆಲ್ಲಾ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಹೋಗುತ್ತಿದ್ದವು. ಇದ್ದವರು, ಇಲ್ಲದವರು ಎಲ್ಲರೂ ಸಾಲ ಮಾಡಿ ಲಾರಿ ಕೊಂಡರು. ನನ್ನ ಗಂಡನೂ ಕೊಂಡ. ಊರಿಗೆ ಊರೇ ಕೆಂಪಾಯಿತು. ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ತಂತಿಯ ಮೇಲೆ ಒಣಗಲು ಹಾಕಿದ ಪಂಚೆ ಸಂಜೆಯೊಳಗೆ ಕೆಂಪು. ಬಿಳಿ ಬಟ್ಟೆ ಹೊಲಿಯುವ ದಿನ ನಾನು ಬಾಗಿಲು ಹಾಕಿಕೊಂಡು, ಮಷೀನಿನ ಮೇಲೆ ಹಳೆಯ ಸೀರೆ ಮುಚ್ಚಿ, ಸೆಕೆಯಲ್ಲಿ ಬೆವರುತ್ತಾ ಹೊಲಿಯುತ್ತಿದ್ದೆ.

ನಮ್ಮ ಚರ್ಚು ಚಿಕ್ಕದು, ಆಗ ತಗಡಿನ ಮಾಡು. ಗೋದಲಿ ಎಂದು ಯೇಸು ಹುಟ್ಟಿದ ಕೊಟ್ಟಿಗೆ ಮಾಡಿ ಅದರಲ್ಲಿ ಇಡುತ್ತಿದ್ದ ಮಣ್ಣಿನ ಗೊಂಬೆಗಳಲ್ಲಿ ಅರ್ಧ ಒಡೆದಿದ್ದವು; ಜೋಸೆಫರಿಗೆ ಕೈ ಇರಲಿಲ್ಲ, ಕತ್ತೆಗೆ ತಲೆ ಇರಲಿಲ್ಲ. ಆ ವರ್ಷ ನಾನೇ ಫಾದರ್ ಹತ್ತಿರ ಹೋಗಿ, ಗೊಂಬೆ ಬೇಡ, ಗೋದಲಿಯನ್ನೇ ಒಂದು ಕೌದಿಯಾಗಿ ಹೊಲಿಯೋಣ, ಗೋಡೆಗೆ ತೂಗುಹಾಕೋಣ ಎಂದೆ. ಫಾದರ್ ಹೊರಗಿನವರು, ಕೌದಿ ಎಂದರೆ ಹಾಸಿಕೊಂಡು ಮಲಗುವುದಲ್ಲವೇ ಎಂದು ನಕ್ಕರು. ನಕ್ಕದ್ದು ನನಗೆ ಚುಚ್ಚಿತು. ತೋರಿಸುತ್ತೇನೆ ನೋಡಿ ಎಂದುಕೊಂಡೆ. ಈ ಕಥೆಯಲ್ಲಿ ನನ್ನ ಹಟ ಶುರುವಾದದ್ದು ಅಲ್ಲಿಂದ.

ಕೌದಿಗೆ ನಮ್ಮ ಕಡೆ ಒಂದು ಕಟ್ಟಳೆ ಇದೆ. ಹೊಸ ಬಟ್ಟೆ ಕತ್ತರಿಸಿ ಕೌದಿ ಹೊಲಿಯುವುದಿಲ್ಲ. ಯಾರಾದರೂ ಉಟ್ಟು, ತೊಟ್ಟು, ಸವೆಸಿದ ಬಟ್ಟೆಗೆ ಮಾತ್ರ ಅದರಲ್ಲಿ ಜಾಗ. ತೀರಿಹೋದವರ ಬಟ್ಟೆ ಆದರೆ ಇನ್ನೂ ಮೇಲು — ಅಜ್ಜಿಯ ಸೀರೆ, ಅಪ್ಪನ ಪಂಚೆ, ಹೊದ್ದುಕೊಂಡರೆ ಅವರು ಮೈಮೇಲೆ ಕೈಯಿಟ್ಟ ಹಾಗೆ. ಹಾಗಾಗಿ ಭಾನುವಾರದ ಪೂಜೆ ಮುಗಿದ ಮೇಲೆ ಎದ್ದು ನಿಂತು ಹೇಳಿದೆ: ಮನೆಗೊಂದು ಹಳೆಯ ಬಟ್ಟೆ ಕೊಡಿ, ಎಲ್ಲರ ಬಟ್ಟೆಯೂ ಗೋದಲಿಯಲ್ಲಿ ಇರಲಿ.

ಬಟ್ಟೆ ಬಂದವು. ಫ್ಯಾಕ್ಟರಿಯ ಖಾಕಿ ಪ್ಯಾಂಟು ಗುಡ್ಡವಾಯಿತು. ಒಬ್ಬ ಮುದುಕಿಯ ನೀಲಿ ಸೀರೆ ಮಾತೆ ಮರಿಯಮ್ಮನ ಸೆರಗಾಯಿತು. ಬೂದು ಕಂಬಳಿಯ ತುಂಡು ಕತ್ತೆ. ಲಂಬಾಣಿ ತಾಂಡಾದ ಗೆಳತಿಯೊಬ್ಬಳು ತನ್ನ ಹಳೆಯ ಲಂಗದಿಂದ ಬಿಡಿಸಿ ಕೊಟ್ಟ ಕನ್ನಡಿಯ ಚೂರುಗಳು ಆಕಾಶದ ನಕ್ಷತ್ರ. ಮಧ್ಯಾಹ್ನದ ಹೊತ್ತು ಹೆಂಗಸರೆಲ್ಲ ಬಂದು ನನ್ನ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ದಾರ ಎಳೆಯುತ್ತಿದ್ದರು. ಯಾರ ಹೊಲಿಗೆ ದೊಡ್ಡದಾಯಿತು, ಯಾರದು ಸೊಟ್ಟಗಾಯಿತು ಎಂದು ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಅಷ್ಟು ಸುಖದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ.

ಲೂರ್ದಮ್ಮ ಬಂದದ್ದು ಕೊನೆಗೆ. ಅವಳು ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಕಲ್ಲು ಆರಿಸುವ ಕೂಲಿ. ಗಂಡ ಬಿಟ್ಟುಹೋಗಿದ್ದ, ಒಬ್ಬ ಸಣ್ಣ ಮಗ, ಅವನಿಗಿಂತ ದೊಡ್ಡವಳು ರೀಟಾ. ಆ ಮಳೆಗಾಲದಲ್ಲಿ ರೀಟಾ ತೀರಿಕೊಂಡಿದ್ದಳು — ಉಬ್ಬಸ. ಆ ಧೂಳಿನಲ್ಲಿ ಹುಟ್ಟಿ, ಆ ಧೂಳಿನಲ್ಲೇ ಉಸಿರು ಕಟ್ಟಿ ಹೋದ ಮಗು. ಲೂರ್ದಮ್ಮ ನನ್ನ ಬಾಗಿಲಲ್ಲಿ ನಿಂತು, ಸೆರಗಿನೊಳಗಿಂದ ಒಂದು ಶಾಲೆಯ ಅಂಗಿ ತೆಗೆದಳು. ಹೆಸರಿಗೆ ಬಿಳಿ, ಆದರೆ ಇಟ್ಟಿಗೆಯ ಬಣ್ಣ. ಕಾಲರು, ಕಂಕುಳು ಇನ್ನೂ ಕಡು.

"ಅಕ್ಕಾರ, ಇದು ನಮ್ಮ ರೀಟಾಂದು. ಕೂಸಿಗೆ ಸುತ್ತಾಕ ಒಂದು ಬಟ್ಟಿ ಬೇಕಲ್ರಿ, ಇದನ್ನ ಸುತ್ತರಿ. ಪೆಟ್ಟಿಗ್ಯಾಗ ಇಟ್ಕೊಂಡು ಏನ್ ಮಾಡ್ಲಿ? ಅಲ್ಲಿದ್ರ ವರ್ಷಕ್ಕೊಮ್ಮೆ ನನ್ನ ಮಗಳು ಎಲ್ಲಾರ ಮುಂದ ಬಂದಂಗ ಆಗತೈತಿ."

ಆಗಲಿ ಎಂದೆ. ಬೇರೆ ಏನು ಹೇಳಲಿ. ಹೋಗುವಾಗ ಅವಳು ತಿರುಗಿ ಮತ್ತೊಂದು ಮಾತು ಹೇಳಿದಳು: "ದಿನಾ ಒಗೀತಿದ್ದೆ ಅಕ್ಕಾರ. ಬೆಳ್ಳಗ ಆಗಲೇ ಇಲ್ಲ. ಕೆಂಪ ಅಂಗಿ ಹಾಕ್ಕೊಂಡ್ ಬಂದಿ ಅಂತ ಸಾಲಿಯಾಗ ಆಕಿನ್ನ ಹೊರಗ ನಿಂದರಸ್ತಿದ್ರು." ನನಗೆ ಆ ಮಾತು ಆ ಹೊತ್ತಿಗೆ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ನಾನು ಅಂಗಿಯನ್ನೇ ನೋಡುತ್ತಿದ್ದೆ. ಕೌದಿಯ ನಟ್ಟನಡುವೆ, ಎಲ್ಲರ ಕಣ್ಣೂ ಮೊದಲು ಬೀಳುವ ಜಾಗದಲ್ಲಿ, ಈ ಕೊಳಕು ಬಣ್ಣ — ಎಂದುಕೊಂಡೆ. ಹೌದು, ಕೊಳಕು ಎಂದೇ ಅಂದುಕೊಂಡೆ.

ಒಗೆದೆ. ಸೋಡಾ ಹಾಕಿ ಕುದಿಸಿದೆ. ನೀರು ಕೆಂಪಾಯಿತು, ಅಂಗಿ ಬಿಳಿಯಾಗಲಿಲ್ಲ. ನಿಂಬೆಹಣ್ಣು, ಉಪ್ಪು ತಿಕ್ಕಿ ಬಿಸಿಲಿಗೆ ಹಾಕಿದೆ. ಚಹಾ ಚೆಲ್ಲಿದ ಬಣ್ಣಕ್ಕೆ ಬಂದು ನಿಂತಿತು. ನೀಲಿ ಹಾಕಿದೆ. ಮತ್ತೆ ಕುದಿಸಿದೆ. ಅದಿರಿನ ಪುಡಿ ಎಳೆ ಎಳೆಯ ಒಳಗೆ ಕುಳಿತಿತ್ತು, ಅದು ಹೋಗುವಂಥದ್ದಲ್ಲ. ಕೊನೆಗೆ ಸಿಟ್ಟು ಬಂದು ಬ್ರಷ್ ಹಾಕಿ ಉಜ್ಜಿದಾಗ ಭುಜದ ಹತ್ತಿರ ಬಟ್ಟೆ ಪಿಸಿದು, ಬೆನ್ನಿನುದ್ದಕ್ಕೂ ಹರಿಯಿತು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಹರಿದ ಬಟ್ಟೆ ಎಂದರೆ ಕೌದಿಯವರಿಗೆ ಏನು? ಏನೂ ಅಲ್ಲ. ಹರಿದದ್ದಕ್ಕೇ ಅಲ್ಲವೇ ಕೌದಿ ಇರುವುದು. ಒಂದು ತೋಳು ಇತ್ತು, ಎದೆಯ ಭಾಗ ಇತ್ತು, ಅಂಗೈಯಗಲ ಕತ್ತರಿಸಿ ಹಚ್ಚಿದ್ದರೂ ಸಾಕಿತ್ತು. ಹರಿಯಿತು, ಅದಕ್ಕೇ ಬಿಟ್ಟೆ ಎಂದು ಮೊದಮೊದಲು ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಆ ಬಣ್ಣ ನನಗೆ ಬೇಡವಾಗಿತ್ತು. ಹೊಸಪೇಟೆಯ ಕಡೆಯಿಂದ ಜನ ಗೋದಲಿ ನೋಡಲು ಬರುವವರಿದ್ದರು, ಫೋಟೋ ತೆಗೆಯುವವರಿದ್ದರು, ನಕ್ಕ ಫಾದರ್ ಬಾಯಿ ಮುಚ್ಚಬೇಕಿತ್ತು. ಮತ್ತೆ — ಇದನ್ನು ಬರೆಯಲು ಕೈ ಏಳುತ್ತಿಲ್ಲ — ಅದನ್ನೇ ನೀಲಿ ಸೀರೆಯ ಮುದುಕಿ ಕೊಟ್ಟಿದ್ದರೆ ನಾನು ಹಚ್ಚುತ್ತಿದ್ದೆ. ಅವರದು ಅನುಕೂಲಸ್ಥರ ಮನೆ. ಲೂರ್ದಮ್ಮ ಕೂಲಿಯವಳು, ಕೇಳುವವರು ಯಾರು ಎಂಬ ಧೈರ್ಯ ನನಗಿತ್ತು.

ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ ಪಾಪ್ಲಿನ್ ತಂದೆ. ಶಾಲೆಯ ಅಂಗಿಗೆ ಯಾವುದನ್ನು ತರುತ್ತಿದ್ದೆನೋ ಅದೇ ಬಟ್ಟೆ, ಅದೇ ಅಂಗಡಿ. ತಂದವಳು ಸುಮ್ಮನೆ ಕತ್ತರಿಸಿ ಹಚ್ಚಲಿಲ್ಲ. ಮಷೀನಿಗೆ ಕೊಟ್ಟು, ಅಂಗಿಯ ಎದೆಪಟ್ಟಿಗೆ ಹಾಕುವ ಹಾಗೆ ಎರಡು ಸಾಲು ಹೊಲಿಗೆ ಹಾಕಿದೆ. ಆಮೇಲೆ ಬ್ಲೇಡಿನಿಂದ ಆ ಹೊಲಿಗೆಯನ್ನು ಬಿಚ್ಚಿದೆ. ಸೂಜಿ ಹೋದ ತೂತುಗಳು ಸಾಲಾಗಿ ಉಳಿದವು — ಹಳೆಯ ಅಂಗಿ ಬಿಚ್ಚಿ ತೆಗೆದ ತುಂಡು ಎಂದು ಯಾರಾದರೂ ನಂಬಬೇಕು, ಹಾಗೆ. ಮೂರು ಸಲ ಒಗೆದು ಗಂಜಿಯ ಬಿರುಸು ತೆಗೆದೆ. ಬಾಯಿತಪ್ಪಿ ಬಂದ ಸುಳ್ಳಲ್ಲ ಅದು. ಕುಳಿತು, ದಾರ ಪೋಣಿಸಿ, ನನಗೆ ಗೊತ್ತಿದ್ದ ಕಸುಬನ್ನೆಲ್ಲ ಹಾಕಿ ಹೊಲಿದ ಸುಳ್ಳು.

ಅಂಗಿ ಚಿಂದಿಯ ಬುಟ್ಟಿಗೆ ಹೋಯಿತು. ಒಂದೆರಡು ದಿನದ ಮೇಲೆ ಹೊರಗೆ ಬಂದು ನೋಡಿದರೆ ನನ್ನ ಗಂಡ ಲಾರಿಯ ಮುಂದಿನ ಗಾಜು ಒರೆಸುತ್ತಿದ್ದ. ಅವನ ಕೈಯಲ್ಲಿ ಒಂದು ಸಣ್ಣ ತೋಳು ಜೋತಾಡುತ್ತಿತ್ತು. ಬುಟ್ಟಿಯಿಂದ ಸಿಕ್ಕಿದ್ದನ್ನು ತೆಗೆದುಕೊಂಡಿದ್ದ, ಅವನಿಗೇನು ಗೊತ್ತು. ಕೊಡು ಇಲ್ಲಿ ಎಂದು ಕಸಿದುಕೊಳ್ಳಬಹುದಿತ್ತು. ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತಲ್ಲ — ಒಳಗೆ ಬಂದು ಕೆಲಸಕ್ಕೆ ಕುಳಿತೆ.

ಕ್ರಿಸ್ಮಸ್ ದಿನ ಬೆಳಿಗ್ಗೆ ಪೂಜೆ ಮುಗಿಯಿತು. ಕೌದಿ ನೋಡಿದವರೆಲ್ಲ ಬಾಯಿ ಮೇಲೆ ಕೈಯಿಟ್ಟುಕೊಂಡರು. ಫಾದರ್ ಎಲ್ಲರ ಮುಂದೆ ನನ್ನ ಹೆಸರು ಹೇಳಿದರು, ಚಪ್ಪಾಳೆ ಬಿತ್ತು. ನಾನು ಉಬ್ಬಿಹೋದೆ. ಬಾಲಯೇಸುವಿಗೆ ಮುತ್ತಿಡಲು ಜನ ಸಾಲಾಗಿ ಬಂದರು. ಲೂರ್ದಮ್ಮ ತನ್ನ ಸರದಿ ಬಂದಾಗ ಕೂಡಲೇ ಮುತ್ತಿಡಲಿಲ್ಲ. ಮೊದಲು ಬೆರಳಿನಿಂದ ಮುಟ್ಟಿದಳು. ಆ ತೂತುಗಳ ಸಾಲಿನ ಮೇಲೆ ಬೆರಳು ಆಡಿಸಿದಳು. ನನ್ನ ಕಡೆ ತಿರುಗಿದಳು.

"ಅಕ್ಕಾರ… ಇದು ಆಕಿನ್ ಅಂಗೀನ ಏನ್ರಿ?"

"ಹೂಂ, ಅದೇ."

"ಇಷ್ಟು ಬೆಳ್ಳಗ ಹೆಂಗಾತ್ರಿ?"

ಹಿಂದೆ ಸಾಲು ನಿಂತಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನಾನು ಹೇಳಿದೆ: "ನಿಂಬಿಹಣ್ಣು, ಉಪ್ಪು ತಿಕ್ಕಿ ಬಿಸಿಲಿಗೆ ಹಾಕಿದೆ, ಎಲ್ಲಾ ಹೋತು."

"ಬರೇ ನಿಂಬಿಹಣ್ಣೇನ್ರಿ?"

"ಹೂಂ. ಬರೇ ನಿಂಬಿಹಣ್ಣು."

ಅವಳ ಮುಖದಲ್ಲಿ ಸಂತೋಷ ಕಾಣುತ್ತದೆ ಎಂದುಕೊಂಡಿದ್ದೆ. ಕಾಣಲಿಲ್ಲ. ಬಣ್ಣ ಇಳಿದುಹೋಯಿತು. ಬಗ್ಗಿ ಮುತ್ತಿಟ್ಟಳು, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಮಗಳ ನೆನಪಾಗಿ ಅತ್ತಳು ಎಂದು ಹೆಂಗಸರು ಮಾತಾಡಿಕೊಂಡರು. ನಾನೂ ಹಾಗೇ ತಿಳಿದೆ, ಅಥವಾ ತಿಳಿದ ಹಾಗೆ ಮಾಡಿದೆ.

ಕೆಲವು ದಿನಗಳ ಮೇಲೆ ಅವಳು ಫಾದರ್ ಹತ್ತಿರ ಹೋಗಿ, ಪೂಜೆಯ ಪೀಠದ ಬಿಳಿ ಬಟ್ಟೆಗಳನ್ನು ತಾನೇ ಒಗೆದುಕೊಡುತ್ತೇನೆ ಎಂದು ಕೇಳಿಕೊಂಡಳು. ಪ್ಲಾಟಿನ ಕೂಲಿ ಮುಗಿಸಿ ಬಂದು ಒಗೆಯುತ್ತಿದ್ದಳು. ಒಣಗಿಸುವಷ್ಟರಲ್ಲಿ ಧೂಳು ಕೂತರೆ ಮತ್ತೆ ಒಗೆಯುತ್ತಿದ್ದಳು. ಒಮ್ಮೆ ಅವಳ ಅಂಗೈ ನೋಡಿದೆ — ನಿಂಬೆಯ ಹುಳಿ, ಉಪ್ಪು ತಿಕ್ಕಿ ತಿಕ್ಕಿ ಬಿರುಕುಗಳೆಲ್ಲ ಬಾಯಿ ಬಿಟ್ಟಿದ್ದವು. "ಯಾಕವ್ವ ಇಷ್ಟು?" ಎಂದೆ.

"ಆವಾಗ ಮಾಡಲಿಲ್ಲಲ್ರಿ ಅಕ್ಕಾರ," ಎಂದಳು. "ಹಿತ್ಲಾಗ ಮಗ್ಗಲ ಮನಿಯವರ ನಿಂಬಿಗಿಡ ಇತ್ತು. ಕೇಳಿದ್ರ ಒಂದು ಕಾಯಿ ಕೊಡ್ತಿದ್ರು. ನನಗ ಹೊಳೀಲೇ ಇಲ್ಲ."

ಆಗ ನನಗೆ ಎಲ್ಲ ಅರ್ಥವಾಯಿತು. ಬಾಗಿಲಲ್ಲಿ ನಿಂತು ಅವಳು ಹೇಳಿದ್ದ ಮಾತು ಆಗ ಒಳಗೆ ಇಳಿಯಿತು. ಮಗಳು ಶಾಲೆಯ ಹೊರಗೆ ನಿಂತದ್ದು ಧೂಳಿನಿಂದಲ್ಲ, ತನ್ನಿಂದ — ಒಂದು ನಿಂಬೆಹಣ್ಣು ತಿಕ್ಕಲು ಹೊಳೆಯದ ತಾಯಿಯಿಂದ — ಎಂದು ಆಕೆ ನಂಬಿಬಿಟ್ಟಿದ್ದಳು. ನಂಬಿಸಿದವಳು ನಾನು. ಆ ಕಲೆ ಯಾವುದಕ್ಕೂ ಹೋಗುವುದಿಲ್ಲ ಎಂದು ಕೈಯಾರೆ ಒಗೆದು ನೋಡಿದವಳು ಇಡೀ ಊರಿನಲ್ಲಿ ನಾನೊಬ್ಬಳೇ. ಅಲ್ಲೇ, ಆ ಕ್ಷಣ, ಒಂದು ಮಾತು ಹೇಳಿದ್ದರೆ ಅವಳ ಎದೆಯ ಕಲ್ಲು ಇಳಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಕೌದಿಯ ಕಥೆಯೂ ಹೊರಬೀಳುತ್ತಿತ್ತು. "ಹೋಗ್ಲಿ ಬಿಡವ್ವ, ಆಗಿದ್ದು ಆತು," ಎಂದೆ. ಆಗಿದ್ದು ಆತಂತೆ! ನಾಚಿಕೆಯಾಗುತ್ತದೆ.

ವರ್ಷಗಳು ಹೋದವು. ಮೈನ್ಸ್ ನಿಂತವು. ಲಾರಿ ಸಾಲದ ಕಂತಿಗೆ ಹೋಯಿತು, ಅದೇ ಕೊರಗಿನಲ್ಲಿ ನನ್ನ ಗಂಡ ಹೋದ. ಬೇವಿನ ಎಲೆ ಮತ್ತೆ ಹಸಿರಾಯಿತು. ಲೂರ್ದಮ್ಮನ ಮಗ ದೊಡ್ಡವನಾಗಿ, ಮದುವೆಯಾಗಿ, ಮೆಟ್ರಿಯ ಕಡೆ ಗದ್ದೆಯ ಕೆಲಸಕ್ಕೆ ಹೋದ; ಅವಳೂ ಅಲ್ಲಿಗೇ ಹೋದಳು. ಆದರೆ ಕ್ರಿಸ್ಮಸ್‌ಗೆ ತಪ್ಪದೆ ಬರುತ್ತಾಳೆ, ಕೌದಿಯ ಮುಂದೆ ನಿಲ್ಲುತ್ತಾಳೆ, ಮುತ್ತಿಡುತ್ತಾಳೆ. ಪ್ರತಿ ವರ್ಷ ನಾನು ಈ ಸಲ ಹೇಳುತ್ತೇನೆ ಎಂದುಕೊಳ್ಳುತ್ತೇನೆ. ಹಬ್ಬದ ದಿನ ಯಾಕೆ ಅಳಿಸಲಿ ಎಂದು ಬಿಡುತ್ತೇನೆ. ಹಬ್ಬ ಮುಗಿದ ಮೇಲೆ ಅವಳು ಊರಿಗೆ ಹೋಗಿರುತ್ತಾಳೆ — ಎಷ್ಟು ಅನುಕೂಲ.

ಹೋದ ಕ್ರಿಸ್ಮಸ್‌ಗೆ ಅವಳ ಜೊತೆ ಸೊಸೆಯೂ, ಶಾಲೆಗೆ ಸೇರಿದ ಮೊಮ್ಮಗಳೂ ಬಂದಿದ್ದರು. ಕೌದಿಯ ಮುಂದೆ ನಿಂತು ಲೂರ್ದಮ್ಮ ಸೊಸೆಗೆ ಆ ಬಿಳಿ ತುಂಡನ್ನು ತೋರಿಸುತ್ತಿದ್ದಳು.

"ನೋಡು, ಅಕ್ಕಾರು ಹೆಂಗ ಬೆಳ್ಳಗ ಮಾಡ್ಯಾರ. ಮನಸ್ಸಿದ್ರ ಆಗತೈತಿ. ನಾನು ಮೈಗಳ್ಳ ತಾಯಿ ಇದ್ದೆ, ನನ್ನ ಮಗಳು ಬಿಸಿಲಾಗ ನಿಂತ್ಲು. ನೀ ನನ್ನಂಗ ಆಗಬ್ಯಾಡ."

ಸೊಸೆ ತಲೆ ಬಗ್ಗಿಸಿಕೊಂಡು ಹೂಂ ಎಂದಳು. ಮೈಗಳ್ಳ! ಹಗಲೆಲ್ಲ ಅದಿರು ಆರಿಸಿ, ಸಂಜೆ ಕೊಡ ಹೊತ್ತು ನೀರು ತಂದು, ಇದ್ದ ಒಂದೇ ಅಂಗಿಯನ್ನು ದಿನಾ ಒಗೆದು, ರಾತ್ರಿ ಒಣಗಿಸಿ, ಬೆಳಿಗ್ಗೆ ಮಗಳಿಗೆ ತೊಡಿಸಿದ ಹೆಂಗಸು ತನ್ನ ಬಾಯಿಯಿಂದಲೇ ಆ ಮಾತು ಹೇಳಿಕೊಂಡಳು. ಪಕ್ಕದಲ್ಲಿ ನಾನು ಹೊಸ ಸೀರೆ ಉಟ್ಟುಕೊಂಡು ನಿಂತಿದ್ದೆ. ಆ ದಿನವೂ ಬಾಯಿ ತೆರೆಯಲಿಲ್ಲ ಎಂಬುದನ್ನೂ ಬರೆದೇ ಬಿಡುತ್ತೇನೆ.

ಬಾಯಿ ತೆರೆದದ್ದು ಈ ವರ್ಷ. ಮಳೆ ಹಿಂದೆಗೆದ ಮೇಲೆ ಮೆಟ್ರಿಗೆ ಹೋದೆ. ಲೂರ್ದಮ್ಮ ಮನೆಯ ಮುಂದೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. "ಬರ್ರಿ ಅಕ್ಕಾರ, ಕುಂದ್ರಿ, ಏನ್ ಇಷ್ಟು ದೂರ ಬಂದ್ರಿ," ಎಂದು ಎದ್ದು ಚಾಪೆ ಹಾಸಿದಳು. ನೀರು ಕೊಟ್ಟಳು. ಕುಡಿದರೆ ಮತ್ತೆ ಹೇಳಲಾರೆ ಅನ್ನಿಸಿ, ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಪಾಪ್ಲಿನ್ನು, ಬಿಚ್ಚಿದ ಹೊಲಿಗೆ, ಚಿಂದಿಯ ಬುಟ್ಟಿ, ಲಾರಿಯ ಗಾಜು — ಒಂದನ್ನೂ ಬಿಡಲಿಲ್ಲ. ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

"ಹಂಗಾದ್ರ," ಎಂದಳು, "ನಿಂಬಿಹಣ್ಣಿಗೆ ಅದು ಹೋಗಲಿಲ್ಲೇನ್ರಿ?"

"ಇಲ್ಲ, ಲೂರ್ದಮ್ಮ."

"ಸೋಡಾಕ್ಕ?"

"ಇಲ್ಲ. ಯಾವುದಕ್ಕೂ ಹೋಗಲಿಲ್ಲ. ಅದು ಹೋಗೂದೇ ಅಲ್ಲವ್ವ."

"ನಿಮ್ಮ ಕೈಲೂ ಆಗಲಿಲ್ಲ."

"ನನ್ನ ಕೈಲೂ ಆಗಲಿಲ್ಲ."

ಅವಳು ಮೊರದಲ್ಲಿದ್ದ ಅಕ್ಕಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನನ್ನನ್ನಲ್ಲ, ಎದುರಿನ ಖಾಲಿ ಅಂಗಳವನ್ನು ನೋಡುತ್ತಾ ಮೆಲ್ಲಗೆ, "ಕೇಳಿದಿ ಏನವ್ವ, ರೀಟಾ? ಟೇಲರ್ ಅಕ್ಕಾರ ಕೈಲೂ ಆಗಲಿಲ್ಲಂತ," ಎಂದಳು. ಆಮೇಲೆ ಅತ್ತಳು. ಚರ್ಚಿನಲ್ಲಿ ಸೆರಗು ಒತ್ತಿಕೊಂಡು ಅತ್ತ ಹಾಗಲ್ಲ. ಬಾಯಿ ಬಿಟ್ಟು, ಸಣ್ಣ ಮಕ್ಕಳು ಅಳುವ ಹಾಗೆ ಅತ್ತಳು. ನಾನು ಕೈ ಚಾಚಿದೆ. ಅವಳು ಮುಟ್ಟಿಸಿಕೊಳ್ಳಲಿಲ್ಲ.

ಮುಖ ಒರೆಸಿಕೊಂಡ ಮೇಲೆ ಒಂದೇ ಮಾತು ಕೇಳಿದಳು: "ಅಂಗಿ ಹೋದ್ರ ಹೋಗ್ಲಿ ಬಿಡ್ರಿ. ಈ ಒಂದು ಮಾತು ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ ನಿಮಗ?"

ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ಇನ್ನ ನೀವು ಹೊರಡ್ರಿ ಅಕ್ಕಾರ. ಸೊಸಿ ಬರೂ ಹೊತ್ತಾತು. ಆಕಿಗೆ ನಾ ಹೇಳೂದೈತಿ."

ಎದ್ದು ಬಂದೆ.